ಗಿಟಾರ್ ಕೆಳಗಿಟ್ಟ ಮೇಲೆ

ಓದುಗರ ಪತ್ರಗಳಲ್ಲಿ, ಕಾಲೇಜಿನ ಕಾರ್ಯಕ್ರಮ ಮುಗಿದ ಮೇಲೆ ಸುತ್ತ ನಿಂತು ಮಾತಾಡುವ ಹುಡುಗ ಹುಡುಗಿಯರ ಬಾಯಲ್ಲಿ, ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಒಂದು ಇಂಡಿ ಬ್ಯಾಂಡನ್ನು, ಅಂದರೆ ದೊಡ್ಡ ಕಂಪನಿಗಳ ನೆರಳಿಲ್ಲದೆ ಬೆಳೆದ ತಂಡವನ್ನು, ಯಾರೂ ಕೇಳದಿದ್ದ ಕಾಲದಿಂದ ನಾವು ಹಚ್ಚಿಕೊಂಡಿರುತ್ತೇವೆ. ಅವರಿಗೆ ಹೆಸರು ಬರುತ್ತದೆ, ದೊಡ್ಡ ದೊಡ್ಡ ಮೈದಾನಗಳು ತುಂಬುತ್ತವೆ. ಆಮೇಲೆ ಬರುವ ಆಲ್ಬಮ್ಮಿನಲ್ಲಿ ನಾವು ಮೆಚ್ಚಿದ್ದು ಯಾವುದೂ ಇರುವುದಿಲ್ಲ. ಹಾಡು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದೇ ತಿಳಿಯುವುದಿಲ್ಲ. ಚೆನ್ನಾಗಿ ನಡೆಯುತ್ತಿದ್ದುದನ್ನು ಕೈಯಾರೆ ಯಾಕೆ ಕೆಡಿಸಿಕೊಂಡರು? ಕೇಳುವವರ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿರುತ್ತದೆ. ಆ ಬೇಸರದ ಹಿಂದೆ ಪ್ರೀತಿ ಇದೆ. ಹಾಗಾಗಿ ಈ ವಾರದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಕೊಡುತ್ತಿದ್ದೇನೆ.

ಉತ್ತರ ಹುಡುಕಲು ನಾನು ಕೈಗೆತ್ತಿಕೊಳ್ಳುವುದು ಇಂಗ್ಲೆಂಡಿನ ರೇಡಿಯೋಹೆಡ್ ಬ್ಯಾಂಡಿನ 'ಕಿಡ್ ಎ' ಆಲ್ಬಮ್ಮನ್ನು. ಅದು ಬಂದದ್ದು 2000ದ ಅಕ್ಟೋಬರ್ 2ರಂದು. ಇ.ಎಂ.ಐ.ಯಂಥ ದೊಡ್ಡ ಕಂಪನಿಯ ಜೊತೆ ಒಪ್ಪಂದವಿದ್ದವರನ್ನು ಇಂಡಿ ಬ್ಯಾಂಡ್ ಅನ್ನಬಹುದೇ ಎಂದು ಕೆಲವರು ತಕರಾರು ತೆಗೆಯುತ್ತಾರೆ. ಅವರು ಬೆಳೆದ ಸಂಗೀತ, ಅವರನ್ನು ಮೊದಲು ಮೆಚ್ಚಿದ ಕೇಳುಗರು, ಅವರ ಗಿಟಾರಿನ ರೀತಿ ಎಲ್ಲವೂ ಆ ಲೋಕದ್ದೇ ಆದ್ದರಿಂದ ಆ ತಕರಾರನ್ನು ನಾನು ಹೆಚ್ಚು ಎಳೆಯುವುದಿಲ್ಲ. 'ಕಿಡ್ ಎ' ಬಗ್ಗೆ ಬರೆದವರೆಲ್ಲ ಬಹುಪಾಲು ಅದರ ವಿಚಿತ್ರ ಸದ್ದುಗಳ ಬಗ್ಗೆ, ಕಂಪ್ಯೂಟರ್ ಮತ್ತು ಸಿಂಥಸೈಜರ್‌ಗಳ ಬಗ್ಗೆ ಬರೆದಿದ್ದಾರೆ. ಅದೆಲ್ಲ ಇದೆ, ನಿಜ. ಆದರೆ ನನ್ನನ್ನು ಇಂದಿಗೂ ಕಾಡುವುದು ಐದು ಮಂದಿಯ ಕಥೆ. ಶಾಲೆಯ ದಿನಗಳಿಂದ ಒಟ್ಟಿಗೆ ನುಡಿಸುತ್ತಿದ್ದ ಗೆಳೆಯರು, ತಾವು ಪಳಗಿದ್ದ ವಾದ್ಯಗಳನ್ನೇ ಪಕ್ಕಕ್ಕಿಟ್ಟ ಮೇಲೂ ಒಂದು ಬ್ಯಾಂಡಾಗಿ ಹೇಗೆ ಉಳಿದರು? ಆ ಆಲ್ಬಮ್ಮಿನ ನಿಜವಾದ ಪ್ರಯೋಗ ನಡೆದದ್ದು ಅಲ್ಲಿ ಎಂದು ನನ್ನ ನಂಬಿಕೆ.

ಗಾಯಕ ಟಾಮ್ ಯಾರ್ಕ್, ಜಾನಿ ಗ್ರೀನ್‌ವುಡ್, ಅವರ ಅಣ್ಣ ಕಾಲಿನ್ ಗ್ರೀನ್‌ವುಡ್, ಗಿಟಾರಿನ ಎಡ್ ಒಬ್ರಿಯನ್, ಡ್ರಮ್ಮರ್ ಫಿಲ್ ಸೆಲ್ವೇ. ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್ಡನ್ ಶಾಲೆಯ ಹುಡುಗರು. 1985ರಲ್ಲಿ ಕಟ್ಟಿಕೊಂಡ ತಂಡಕ್ಕೆ ಇಟ್ಟ ಮೊದಲ ಹೆಸರು 'ಆನ್ ಎ ಫ್ರೈಡೇ', ಶುಕ್ರವಾರ ಅಭ್ಯಾಸ ಮಾಡುತ್ತಿದ್ದರು ಎಂಬ ಕಾರಣಕ್ಕೆ. 1992ರಲ್ಲಿ 'ಕ್ರೀಪ್' ಹಾಡು ಬಂತು, ಮುಂದಿನ ವರ್ಷ ಅದು ಜಗತ್ತಿನ ತುಂಬ ಹರಡಿತು. 1995ರ 'ದ ಬೆಂಡ್ಸ್' ಅವರು ಒಂದೇ ಹಾಡಿನ ಬ್ಯಾಂಡ್ ಅಲ್ಲವೆಂದು ತೋರಿಸಿತು. 1997ರ 'ಓಕೆ ಕಂಪ್ಯೂಟರ್' ಕಥೆ ಮಾತ್ರ ಬೇರೆಯೇ. ಅಮೆರಿಕದಲ್ಲಿ ಅದನ್ನು ಮಾರಬೇಕಿದ್ದ ಕ್ಯಾಪಿಟಲ್ ಕಂಪನಿಯವರು ಆಲ್ಬಂ ಕೇಳಿದ ಮೇಲೆ ತಮ್ಮ ಮಾರಾಟದ ಅಂದಾಜನ್ನು 20 ಲಕ್ಷದಿಂದ 5 ಲಕ್ಷಕ್ಕೆ ಇಳಿಸಿದ್ದರು. ಅವರ ಲೆಕ್ಕವನ್ನೆಲ್ಲ ಮೀರಿ ಅದು ಮಾರಾಟವಾಯಿತು. ಗ್ರ್ಯಾಮಿ ಬಂತು. ಆ ದಶಕದ ಶ್ರೇಷ್ಠ ರಾಕ್ ಆಲ್ಬಂ ಯಾವುದು ಎಂಬ ಮಾತು ಬಂದಲ್ಲೆಲ್ಲ ಅದರ ಹೆಸರು ಕೇಳಿಬರತೊಡಗಿತು.

ಆ ಯಶಸ್ಸು ಒಳಗಿನಿಂದ ಹೇಗಿತ್ತು ಎಂದು ತಿಳಿಯಬೇಕಾದರೆ ಗ್ರ್ಯಾಂಟ್ ಜೀ ತೆಗೆದ 'ಮೀಟಿಂಗ್ ಪೀಪಲ್ ಈಸ್ ಈಸಿ' ಎಂಬ ಸಾಕ್ಷ್ಯಚಿತ್ರ ನೋಡಬೇಕು. 1998ರಲ್ಲಿ ಬಂದ ಚಿತ್ರ. ಅದರಲ್ಲಿ ಜಯಘೋಷಕ್ಕಿಂತ ಹೆಚ್ಚಾಗಿ ಕಾಣುವುದು ಹೋಟೆಲ್ ಕೋಣೆಗಳು, ವಿಮಾನ ನಿಲ್ದಾಣಗಳು, ಒಂದೇ ಪ್ರಶ್ನೆಯನ್ನು ನೂರು ಬಾಯಿಗಳಿಂದ ಕೇಳುವ ಸಂದರ್ಶಕರು. ನವೆಂಬರ್ 1997ರಲ್ಲಿ ಬರ್ಮಿಂಗ್‌ಹ್ಯಾಮಿನ ಒಂದು ಕಛೇರಿ ಮುಗಿಸಿ ಒಳಗೆ ಬಂದ ಯಾರ್ಕ್‌ಗೆ ಬಾಯಿಂದ ಮಾತೇ ಹೊರಡಲಿಲ್ಲವಂತೆ. ಪ್ರವಾಸ ಮುಗಿದ ಮೇಲೂ ಹಾಡು ಬರೆಯಲು ಕುಳಿತರೆ ಮುಂದೆ ಸಾಗುತ್ತಿರಲಿಲ್ಲ. ಇದರ ಜೊತೆಗೆ ರೇಡಿಯೋ ಹಾಕಿದರೆ ತಮ್ಮದೇ ಹಳೆಯ ದನಿಯನ್ನು ಅನುಕರಿಸುವ ಬ್ಯಾಂಡುಗಳು. ತನ್ನ ದನಿ ತನಗೇ ಪರಕೀಯವಾಗಿ ಕೇಳಿಸುವ ಸ್ಥಿತಿ ಅದು. ಒಬ್ಬ ಹಾಡುಗಾರನಿಗೆ ಇದಕ್ಕಿಂತ ದೊಡ್ಡ ಕಷ್ಟ ಬೇರೆ ಇರಲಾರದು. ಹಿಂದಿನದನ್ನೇ ಇನ್ನೊಮ್ಮೆ ಮಾಡಿದ್ದರೆ ಏನಾಗುತ್ತಿತ್ತು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಹಿಂದಿನದು ಅವರ ಕೈಯಲ್ಲಿ ಉಳಿದಿರಲೇ ಇಲ್ಲ.

ಯಾರ್ಕ್ ಕಾರ್ನ್‌ವಾಲ್‌ನ ಕಡಲತೀರದಲ್ಲಿ ಮನೆ ಮಾಡಿಕೊಂಡರು, ನಡೆದಾಡಿದರು, ಚಿತ್ರ ಬಿಡಿಸಿದರು. ಗಿಟಾರಿಗೆ ಬದಲಾಗಿ ಒಂದು ಪಿಯಾನೋ ತಂದಿಟ್ಟುಕೊಂಡರು. ಅದರಲ್ಲಿ ಅವರಿಗೆ ಪಳಗಿದ ಕೈ ಇರಲಿಲ್ಲ. ಬೆರಳಿಗೆ ಅಭ್ಯಾಸವಿಲ್ಲದ ಕಡೆ ಹಳೆಯ ದಾರಿಗಳು ತಾವಾಗಿ ತೆರೆದುಕೊಳ್ಳುವುದಿಲ್ಲ. ವಾರ್ಪ್ ಎಂಬ ಇಂಗ್ಲಿಷ್ ಕಂಪನಿ ಹೊರತರುತ್ತಿದ್ದ ಎಲೆಕ್ಟ್ರಾನಿಕ್ ಸಂಗೀತವನ್ನು, ಏಫೆಕ್ಸ್ ಟ್ವಿನ್, ಆಟೆಕರ್ ಮೊದಲಾದವರ ಧ್ವನಿಮುದ್ರಿಕೆಗಳನ್ನು, ತರಿಸಿಕೊಂಡು ಕೇಳಿದರು. ಅಲ್ಲಿ ಹಾಡುವವರಿಲ್ಲ, ಕಥೆ ಹೇಳುವವರಿಲ್ಲ, ಆದರೂ ಅದರಲ್ಲಿ ಭಾವವಿದೆ ಎಂಬುದು ಅವರಿಗೆ ದೊಡ್ಡ ಬಿಡುಗಡೆಯಾಗಿ ಕಂಡಿತು. ರಾಗವಾಗಿ ಹಾಡುವುದರ ಮೇಲೆ ಜಿಗುಪ್ಸೆ ಬಂದು, ಬರಿಯ ಲಯ ಸಾಕು ಅನ್ನಿಸಿಬಿಟ್ಟಿತ್ತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಉಳಿದ ನಾಲ್ವರ ಪರಿಸ್ಥಿತಿಯನ್ನು ಈಗ ಊಹಿಸಿಕೊಳ್ಳಿ. ಒಬ್ರಿಯನ್‌ಗೆ ಮುಂದಿನ ಆಲ್ಬಮ್ಮಿನಲ್ಲಿ ಚಿಕ್ಕ ಚಿಕ್ಕ, ಗುನುಗಬಲ್ಲ ಗಿಟಾರ್ ಹಾಡುಗಳಿರಲಿ ಎಂಬ ಆಸೆಯಿತ್ತು. ಗಾಯಕ ಬಂದದ್ದು ಕೈಯಲ್ಲಿ ಹಾಡುಗಳನ್ನು ಹಿಡಿದುಕೊಂಡಲ್ಲ, ಅರ್ಧಂಬರ್ಧ ಸದ್ದುಗಳನ್ನು, ಯಂತ್ರದ ತಾಳಗಳನ್ನು ಹಿಡಿದುಕೊಂಡು. 'ಓಕೆ ಕಂಪ್ಯೂಟರ್' ರೂಪಿಸಿದ ಧ್ವನಿ ನಿರ್ಮಾಪಕ ನೈಜಲ್ ಗಾಡ್ರಿಚ್ ಅವರಿಗೇ, ಇಷ್ಟು ಚೆನ್ನಾಗಿ ಮಾಡಬಲ್ಲದ್ದನ್ನು ಬಿಟ್ಟು ಹೋಗುವುದು ಯಾಕೆ ಎಂಬುದು ಮೊದಮೊದಲು ಅರ್ಥವಾಗಿರಲಿಲ್ಲ. ಧ್ವನಿಮುದ್ರಣ ಶುರುವಾದದ್ದು 1999ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ, ಮಾರ್ಚ್‌ನಲ್ಲಿ ಕೋಪನ್‌ಹೇಗನ್. ಅಲ್ಲಿಂದ ಹೊರಡುವಾಗ ಸುಮಾರು 50 ರೀಲು ಟೇಪ್ ತುಂಬಿತ್ತು, ಪೂರ್ತಿಯಾದ ಹಾಡು ಒಂದೂ ಇರಲಿಲ್ಲ. ಆಮೇಲೆ ಗ್ಲಾಸ್ಟರ್‌ಶೈರಿನ ಬ್ಯಾಟ್ಸ್‌ಫರ್ಡ್ ಪಾರ್ಕ್ ಎಂಬ ಹಳೆಯ ಬಂಗಲೆ, ಕೊನೆಗೆ ಆಕ್ಸ್‌ಫರ್ಡ್‌ಶೈರಿನಲ್ಲಿ ತಾವೇ ಕಟ್ಟಿಸಿಕೊಂಡ ಸ್ಟುಡಿಯೋ. ಹೊರತರಲು ಯೋಗ್ಯವಾದ ಆಲ್ಬಂ ಆಗದಿದ್ದರೆ ಬ್ಯಾಂಡನ್ನೇ ಮುಚ್ಚಿಬಿಡೋಣ ಎಂದು ಐವರೂ ಮಾತಾಡಿಕೊಂಡಿದ್ದರು.

ಈ ತಿಂಗಳುಗಳ ದಿನಚರಿಯನ್ನು ಒಬ್ರಿಯನ್ ಬರೆದು ಅಭಿಮಾನಿಗಳೆದುರೇ ಇಡುತ್ತಾ ಹೋದರು. ಪ್ರಯೋಗ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಒಬ್ಬ ಪ್ರತಿಭಾವಂತ, ಅವನ ಹಟ, ಅವನಿಗೆ ಒಮ್ಮೆಲೇ ಹೊಳೆದ ಬೆಳಕು. ಆ ದಿನಚರಿಯಲ್ಲಿ ಕಾಣುವುದು ಕಾಯುವಿಕೆ, ಗೊಂದಲ, ಒಂದೇ ತುಣುಕಿನ ಮೇಲೆ ವಾರಗಟ್ಟಲೆ ಕೂತು ಕೊನೆಗೆ ಅದನ್ನು ಬಿಟ್ಟುಬಿಡುವ ಸಂಕಟ. ಈ ಹಾಡಿನಲ್ಲಿ ಗಿಟಾರ್ ಇಲ್ಲ, ಆ ಹಾಡಿನಲ್ಲಿ ಡ್ರಮ್ ಇಲ್ಲ ಅಂದರೆ, ಬದುಕೆಲ್ಲ ಗಿಟಾರ್ ಅಥವಾ ಡ್ರಮ್ ನುಡಿಸಿದವನು ಬೆಳಗ್ಗೆ ಎದ್ದು ಸ್ಟುಡಿಯೋಕ್ಕೆ ಯಾಕೆ ಹೋಗಬೇಕು? ಗಾಡ್ರಿಚ್ ಒಂದು ಉಪಾಯ ಹೂಡಿದರು. ತಂಡವನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಗಿಟಾರ್, ಡ್ರಮ್‌ನಂಥ ವಾದ್ಯ ಮುಟ್ಟದೆ ಒಂದು ಸದ್ದು ಹುಟ್ಟಿಸಬೇಕು, ಇನ್ನೊಂದು ಗುಂಪು ಅದನ್ನು ಬೆಳೆಸಬೇಕು. ಇದರಿಂದ ಮುಗಿದ ಹಾಡು ಒಂದೂ ಹೊರಬರಲಿಲ್ಲ. ಆದರೆ ಒಬ್ರಿಯನ್‌ಗೆ ಈ ಹೊಸ ಉಪಕರಣಗಳಲ್ಲಿ ತನಗೂ ಕೆಲಸವಿದೆ ಎಂದು ಮನವರಿಕೆಯಾದದ್ದು ಅಲ್ಲಿ. ಗಿಟಾರಿನ ಸ್ವರ ಕರಗದಂತೆ ಹಿಡಿದಿಟ್ಟು, ಮಡಚಿ, ಎಳೆದು, ಗಿಟಾರ್ ಎಂದು ಗುರುತೇ ಸಿಗದಂತೆ ಮಾಡುವುದನ್ನು ಅವರು ರೂಢಿಸಿಕೊಂಡರು. ಆಲ್ಬಮ್ಮಿನ ನಡುವೆ ಬರುವ 'ಟ್ರೀಫಿಂಗರ್ಸ್' ಎಂಬ ಮಾತಿಲ್ಲದ ತುಣುಕು ಪೂರ್ತಿ ಮೋಡದ ಹಾಗೆ ಕೇಳುತ್ತದೆ. ಅದರ ಮೂಲದ್ರವ್ಯ ಒಬ್ರಿಯನ್ ಅವರ ಗಿಟಾರೇ.

ಮೊದಲ ಹಾಡಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 'ಎವ್ರಿಥಿಂಗ್ ಇನ್ ಇಟ್ಸ್ ರೈಟ್ ಪ್ಲೇಸ್' ಹುಟ್ಟಿದ್ದು ಯಾರ್ಕ್ ತಂದಿಟ್ಟುಕೊಂಡಿದ್ದ ಆ ಪಿಯಾನೋದ ಮೇಲೆ. ಪ್ಯಾರಿಸ್, ಕೋಪನ್‌ಹೇಗನ್‌ಗಳಲ್ಲಿ ಅದನ್ನು ಎಂದಿನಂತೆ ಐವರೂ ಕೂಡಿ ನುಡಿಸಿ ನೋಡಿದರು, ಕೂಡಿಬರಲಿಲ್ಲ. ಬ್ಯಾಟ್ಸ್‌ಫರ್ಡ್ ಪಾರ್ಕಿನಲ್ಲಿ ಯಾರ್ಕ್ ಮತ್ತು ಗಾಡ್ರಿಚ್ ಪಿಯಾನೋದ ಸ್ವರಗಳನ್ನು ಪ್ರಾಫೆಟ್-5 ಎಂಬ ಸಿಂಥಸೈಜರ್‌ಗೆ ವರ್ಗಾಯಿಸಿದರು. ಯಾರ್ಕ್ ಅವರ ದನಿಯನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಹಿಂದೆ ಮುಂದೆ ಎಳೆದು, ಹಾಡಿನ ಸುತ್ತ ಚೂರುಚೂರಾಗಿ ಹರಡಿದರು. ಗಿಟಾರ್ ಇಲ್ಲ, ಡ್ರಮ್ ಕಿಟ್ ಇಲ್ಲ. ಆದರೂ ಮೊದಲ ನಾಲ್ಕು ಸ್ವರ ಬಿದ್ದೊಡನೆ ಕೋಣೆಯ ಗಾಳಿಯೇ ಬದಲಾಗುತ್ತದೆ. ನನ್ನ ಪರಿಚಯದ ಮೃದಂಗ ವಾದಕರೊಬ್ಬರಿಗೆ, ಏನೆಂದೂ ಹೇಳದೆ, ಇದನ್ನು ಕೇಳಿಸಿದ್ದೆ. ಎರಡನೆಯ ಸುತ್ತು ಬರುವಷ್ಟರಲ್ಲಿ ಅವರ ಕೈ ತೊಡೆಯ ಮೇಲೆ ಎಣಿಸತೊಡಗಿತ್ತು. 'ಹತ್ತಿದೆ, ಹತ್ತು' ಅಂದರು. ಹೌದು, ರಾಕ್ ಹಾಡುಗಳ ರೂಢಿಯ ನಾಲ್ಕರ ಲೆಕ್ಕ ಇಲ್ಲಿಲ್ಲ, ಹತ್ತರ ಆವರ್ತ. ಮಿಶ್ರ ಝಂಪೆಯ ಏಳು, ಒಂದು, ಎರಡು ಇದಕ್ಕೆ ಹೊಂದುವುದಿಲ್ಲ, ಒಳಗಿನ ವಿಂಗಡಣೆ ಬೇರೆ. ಆದರೆ ಅಕ್ಷರಕಾಲ ಸಮ. ಪಾಶ್ಚಾತ್ಯ ಕೇಳುಗನಿಗೆ ಏನೋ ಒಂದು ಹೆಜ್ಜೆ ತಪ್ಪಿದಂತೆ ಅನ್ನಿಸುವ ಜಾಗದಲ್ಲಿ ತಾಳ ಹಾಕಿ ಬೆಳೆದ ಕಿವಿ ಆರಾಮವಾಗಿ ಕುಳಿತುಕೊಳ್ಳುತ್ತದೆ. ಅರ್ಥವಾಗದ ಸಂಗೀತ ಎಂದು ನಾವು ದೂರ ಇಡುವ ಎಷ್ಟೋ ಕಡೆ ನಮ್ಮ ಕೈಯಲ್ಲಿ ಬೀಗದ ಕೈ ಈಗಾಗಲೇ ಇರುತ್ತದೆ.

ಈ ಹಾಡು ಬ್ಯಾಂಡಿನೊಳಗೆ ಮಾಡಿದ ಕೆಲಸ ಅದಕ್ಕಿಂತಲೂ ದೊಡ್ಡದು. ತಾನು ಒಂದು ಸ್ವರವನ್ನೂ ನುಡಿಸದ ಹಾಡು ಆಲ್ಬಮ್ಮಿನ ಹೆಬ್ಬಾಗಿಲಾಗಿ ನಿಂತಾಗ ಅದನ್ನು ಕೇಳಿ ಸಂತೋಷಪಡುವುದು ಹೇಗೆ ಎಂದು ಒಬ್ರಿಯನ್ ಮತ್ತು ಸೆಲ್ವೇ ಕಲಿತದ್ದು ಇಲ್ಲಿ. ಎಲ್ಲ ಹಾಡಿನಲ್ಲೂ ಎಲ್ಲರೂ ನುಡಿಸಬೇಕಿಲ್ಲ ಎಂಬುದನ್ನು ಒಪ್ಪಲು ಇದೇ ದಾರಿ ಮಾಡಿಕೊಟ್ಟಿತು ಎಂದು ಇಬ್ಬರೂ ಹೇಳಿದ್ದಾರೆ. ಆರು ತಿಂಗಳು ದುಡಿದ ಮೇಲೆ ಒಳ್ಳೆಯದೊಂದು ಹೊರಬಂದು, ಅದರಲ್ಲಿ ತನ್ನ ಕೈ ಇಲ್ಲದಿದ್ದರೂ ಮನಸ್ಸು ಹಗುರಾಯಿತು ಎಂಬ ಅರ್ಥದ ಮಾತನ್ನು ಒಬ್ರಿಯನ್ ಆಡಿದ್ದಾರೆ. ನಾಟಕ ತಂಡ, ಪತ್ರಿಕೆ, ಸಂಘ, ಯಾವುದರಲ್ಲಾದರೂ ನಾಲ್ಕು ಜನರ ಜೊತೆ ಕೆಲಸ ಮಾಡಿದವರಿಗೆ ಇದು ಎಷ್ಟು ಅಪರೂಪದ ಗುಣ ಎಂಬುದು ಗೊತ್ತಿರುತ್ತದೆ. ಬ್ಯಾಂಡುಗಳು ಒಡೆಯುವುದು ಸೋಲಿನಿಂದ ಕಡಿಮೆ. ಯಾರ ಪಾಲು ಎಷ್ಟು ಎಂಬ ಲೆಕ್ಕದಿಂದಲೇ ಹೆಚ್ಚು.

ಯಂತ್ರ ಬಂದರೆ ಮನುಷ್ಯ ಹೋದ ಎಂಬ ದೂರು ಈ ಆಲ್ಬಮ್ಮಿಗೆ ಅಂಟಿಕೊಂಡೇ ಬಂದಿದೆ. 'ಇಡಿಯೋಟೆಕ್' ಕೇಳಿ ನೋಡಿ. ಜಾನಿ ಗ್ರೀನ್‌ವುಡ್ ತಾವೇ ಜೋಡಿಸಿಕೊಂಡ ಸಿಂಥಸೈಜರ್‌ನಲ್ಲಿ ತಾಳ, ಸದ್ದು, ಅಪಸ್ವರ ಎಲ್ಲ ಸೇರಿದ 50 ನಿಮಿಷದ ಒಂದು ಟೇಪ್ ಮಾಡಿ ಯಾರ್ಕ್‌ಗೆ ಕೊಟ್ಟರು. ಅದರ ನಡುವೆ ಒಂದು ನಿಮಿಷಕ್ಕೂ ಕಡಿಮೆಯ ತುಣುಕೊಂದು ಯಾರ್ಕ್ ಕಿವಿಗೆ ಬಿತ್ತು. ಅದನ್ನು ಕತ್ತರಿಸಿ ತೆಗೆದರು, ಅದೇ ಹಾಡಾಯಿತು. ಆ ತುಣುಕಿನಲ್ಲಿ ಕೇಳುವ ನಾಲ್ಕು ಮಂಜುಮಂಜಾದ ಸ್ವರಮೇಳಗಳು ಪಾಲ್ ಲ್ಯಾನ್ಸ್‌ಕಿ ಎಂಬ ಅಮೆರಿಕನ್ ಸಂಯೋಜಕರದು. 1973ರಲ್ಲಿ ಪ್ರಿನ್ಸ್‌ಟನ್‌ನಲ್ಲಿ, ಕೋಣೆ ತುಂಬುವ ಐಬಿಎಂ ಕಂಪ್ಯೂಟರಿನ ಮೇಲೆ ಅವರು ರಚಿಸಿದ್ದ 'ಮಿಲ್ಟ್ ಉಂಟ್ ಲೈಸ' ಎಂಬ ಕೃತಿಯದು. ಹೊಸ ಸಂಯೋಜಕರ ಎಲೆಕ್ಟ್ರಾನಿಕ್ ಸಂಗೀತದ ಹಳೆಯ ಎಲ್‌ಪಿಯೊಂದರಲ್ಲಿದ್ದ ಅದನ್ನು ಜಾನಿ ಹುಡುಕಿ ತೆಗೆದಿದ್ದರು. ಲ್ಯಾನ್ಸ್‌ಕಿ ಅದನ್ನು ಕಟ್ಟಿದ್ದು ವಾಗ್ನರ್ ಅವರ 'ಟ್ರಿಸ್ಟಾನ್' ಒಪೆರಾದ ಪ್ರಸಿದ್ಧ ಸ್ವರಮೇಳದಿಂದ. ಹೀಗೆ 19ನೆಯ ಶತಮಾನದ ಒಪೆರಾ, 1973ರ ಕಂಪ್ಯೂಟರ್, 2000ದ ಗೆಳೆಯರ ತಂಡ ಒಂದರೊಳಗೊಂದು ಸೇರಿ, ಕುಣಿಯಲೂ ಆಗುವ, ಹೆದರಲೂ ಆಗುವ ಐದು ನಿಮಿಷವಾಯಿತು. ಇಷ್ಟೊಂದು ಮನುಷ್ಯರ ಕೈ ಹಾದುಬಂದದ್ದನ್ನು ಯಂತ್ರದ ಸಂಗೀತ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಜಾನಿ ಅವರ ಇನ್ನೊಂದು ಪ್ರೀತಿ ಓಂಡ್ ಮಾರ್ತನೋ. ಮೊದಲ ಮಹಾಯುದ್ಧದಲ್ಲಿ ರೇಡಿಯೋ ಕೆಲಸ ಮಾಡಿ ಬಂದಿದ್ದ ಮಾರಿಸ್ ಮಾರ್ತನೋ ಎಂಬ ಫ್ರೆಂಚ್ ಚೆಲ್ಲೋ ವಾದಕ 1928ರಲ್ಲಿ ಪ್ಯಾರಿಸ್ಸಿನಲ್ಲಿ ಜನರೆದುರು ಇಟ್ಟ ವಾದ್ಯ ಅದು. ಕೀಬೋರ್ಡಿನ ಮುಂದೆ ಹಾದುಹೋಗುವ ತಂತಿಗೆ ಒಂದು ಉಂಗುರ ಕಟ್ಟಿರುತ್ತದೆ. ಅದನ್ನು ಬೆರಳಿಗೆ ಸಿಕ್ಕಿಸಿಕೊಂಡು ಎಡಬಲ ಎಳೆದರೆ ಸ್ವರದಿಂದ ಸ್ವರಕ್ಕೆ ಜಾರುವ ನಾದ. ಎಡಗೈಯ ಗುಂಡಿ ಒತ್ತಿದಷ್ಟೂ ದನಿ ಏರುತ್ತದೆ, ಬಿಟ್ಟರೆ ಮೌನ. ಗಮಕಕ್ಕೆ ಒಗ್ಗಿದ ಕಿವಿಗೆ ಇದರ ಜಾರು ಥಟ್ಟನೆ ಹಿಡಿಸುತ್ತದೆ. ಹದಿಹರೆಯದಲ್ಲಿ ಜಾನಿ ಈ ವಾದ್ಯವನ್ನು ಕೇಳಿದ್ದು ಒಲಿವಿಯೇ ಮೆಸ್ಸಿಯಾಂ ಅವರ 'ತುರಂಗಲೀಲಾ' ಸಿಂಫನಿಯಲ್ಲಿ. ಹೆಸರೇ ಸಂಸ್ಕೃತದ್ದು. ಮೆಸ್ಸಿಯಾಂ 'ಸಂಗೀತ ರತ್ನಾಕರ'ದ 120 ದೇಶೀ ತಾಳಗಳ ಪಟ್ಟಿಯನ್ನು ಅಭ್ಯಾಸ ಮಾಡಿ ತಮ್ಮ ಲಯಕ್ಕೆ ತಂದುಕೊಂಡವರು. ಶಾರ್ಙ್ಗದೇವನ ಅದೇ ಗ್ರಂಥಕ್ಕೆ ನಮ್ಮ ವಿಜಯನಗರದಲ್ಲಿ ಕಲ್ಲಿನಾಥ ವ್ಯಾಖ್ಯಾನ ಬರೆದದ್ದು. ಆಕ್ಸ್‌ಫರ್ಡ್‌ಶೈರಿನ ಸ್ಟುಡಿಯೋಕ್ಕೂ ಹಂಪೆಗೂ ನೇರ ದಾರಿ ಇದೆ ಎಂದು ನಾನು ಹೇಳುತ್ತಿಲ್ಲ. ಕೇಳುತ್ತಾ ಹೋದರೆ ಸಂಗೀತದ ಬೇರುಗಳು ಎಲ್ಲೆಲ್ಲಿ ಹರಿದಿರುತ್ತವೆ ಎಂಬುದು ನನಗೆ ಇಂದಿಗೂ ಬೆರಗು.

'ಹೌ ಟು ಡಿಸಪಿಯರ್ ಕಂಪ್ಲೀಟ್ಲಿ' ಹಾಡಿನಲ್ಲಿ ಓಂಡ್ ಮಾರ್ತನೋ ಪದರಪದರವಾಗಿ ಏರುತ್ತದೆ, ಅದರ ಮೇಲೆ ತಂತಿವಾದ್ಯಗಳ ಮೇಳ. ಪ್ರವಾಸದ ಒತ್ತಡ ತಡೆಯಲಾಗದಿದ್ದ ದಿನಗಳಲ್ಲಿ ಆರ್.ಇ.ಎಂ. ಬ್ಯಾಂಡಿನ ಮೈಕಲ್ ಸ್ಟೈಪ್ ಕೊಟ್ಟ ಸಲಹೆಯೊಂದು ಇದರ ಮಾತುಗಳಿಗೆ ಬೀಜ. ತಂತಿವಾದ್ಯಗಳನ್ನು ಮುದ್ರಿಸಿದ್ದು ಡಾರ್ಚೆಸ್ಟರ್ ಅಬಿ ಎಂಬ 12ನೆಯ ಶತಮಾನದ ಚರ್ಚಿನಲ್ಲಿ, ಆರ್ಕೆಸ್ಟ್ರಾ ಆಫ್ ಸೇಂಟ್ ಜಾನ್ಸ್ ತಂಡದಿಂದ. ಅದಕ್ಕೆ ಸ್ವರಲಿಪಿ ಬರೆದವರು ಜಾನಿ. ಐವರಲ್ಲಿ ಶಾಸ್ತ್ರೀಯ ಕಲಿಕೆ ಇದ್ದವರು ಅವರೊಬ್ಬರೇ. ಇದನ್ನು ನುಡಿಸಲು ಸಾಧ್ಯವೇ ಎಂದು ವಾದಕರು ನಕ್ಕರಂತೆ, ಆಮೇಲೆ ನುಡಿಸಿದರು. ಹಾಡಿನ ಕೊನೆಯಲ್ಲಿ ಸ್ವರಗಳೆಲ್ಲ ಬೇರೆ ಬೇರೆ ದಿಕ್ಕಿಗೆ ಜಾರಿ ಮತ್ತೆ ಒಂದೆಡೆ ಬಂದು ಕೂಡುವ ಆ ಗಳಿಗೆ ಬಂದಾಗ, ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳುವುದು ನನ್ನ ರೂಢಿ.

ಈ ಆಲ್ಬಮ್ಮನ್ನು ಜನರಿಗೆ ತಲುಪಿಸಿದ ರೀತಿಯಲ್ಲೂ ಪ್ರಯೋಗವಿತ್ತು. ಅಂಗಡಿಗೆ ಬಿಡುಗಡೆಯಾದ ಬಿಡಿ ಹಾಡಿಲ್ಲ, ಎಂದಿನ ವಿಡಿಯೋ ಇಲ್ಲ. ಅವುಗಳ ಬದಲು ಕೆಲವೇ ಕ್ಷಣದ ಅನಿಮೇಷನ್ ತುಣುಕುಗಳು. ಆ ವರ್ಷದ ಯುರೋಪ್ ಪ್ರವಾಸದಲ್ಲಿ ಕಂಪನಿಗಳ ಜಾಹೀರಾತಿಲ್ಲದ ದೊಡ್ಡ ಡೇರೆಯೊಂದನ್ನು ಕಟ್ಟಿ ಹಾಡಿದರು. ಕಂಪನಿಗಳ ಬ್ರ್ಯಾಂಡ್ ಹಾವಳಿಯನ್ನು ಟೀಕಿಸಿ ನೇಯೊಮಿ ಕ್ಲೈನ್ ಬರೆದ 'ನೋ ಲೋಗೋ' ಪುಸ್ತಕವನ್ನು ಬ್ಯಾಂಡಿನವರು ಆಗ ಓದುತ್ತಿದ್ದರು. ಆಲ್ಬಂ ಬರುವ ಮೊದಲೇ ಹೊಸ ಹಾಡುಗಳನ್ನು ವೇದಿಕೆಯಲ್ಲಿ ನುಡಿಸಿದ್ದರು. ಕೇಳುಗರು ಅವನ್ನು ಮುದ್ರಿಸಿಕೊಂಡು ನ್ಯಾಪ್ಸ್ಟರ್ ಎಂಬ ಇಂಟರ್ನೆಟ್ ಹಂಚಿಕೆ ಜಾಲದಲ್ಲಿ ಹಂಚಿಕೊಂಡರು. ಕೆಲವು ವಾರಗಳ ನಂತರ ಇಸ್ರೇಲಿಗೆ ಹೋದರೆ ಅಲ್ಲಿನ ಸಭೆಗೆ ಇನ್ನೂ ಹೊರಬರದ ಹಾಡುಗಳ ಮಾತೆಲ್ಲ ಬಾಯಿಪಾಠವಾಗಿತ್ತು ಎಂದು ಕಾಲಿನ್ ಗ್ರೀನ್‌ವುಡ್ ನೆನಪಿಸಿಕೊಂಡಿದ್ದಾರೆ. ಬಿಡುಗಡೆಗೆ ವಾರಗಳಿರುವಾಗಲೇ ಇಡೀ ಆಲ್ಬಂ ಸೋರಿಹೋಯಿತು. ಇಷ್ಟಾದರೂ ಬ್ರಿಟನ್ನಿನಲ್ಲಿ ಅದು ಮೊದಲ ಸ್ಥಾನಕ್ಕೆ ಬಂತು, ಅಮೆರಿಕದಲ್ಲೂ ಬಂತು. ಅಮೆರಿಕದ ಪಟ್ಟಿಯಲ್ಲಿ ರೇಡಿಯೋಹೆಡ್ ಮೊದಲ ಸ್ಥಾನ ಕಂಡದ್ದು ಅದೇ ಮೊದಲು.

ಹೆಸರು ಮತ್ತು ಪ್ರಯೋಗದ ಸಂಬಂಧ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಒಂದೂವರೆ ವರ್ಷ ನಾಲ್ಕು ಕಡೆ ಸ್ಟುಡಿಯೋ ಹಿಡಿದು, ಚರ್ಚಿನಲ್ಲಿ ಆರ್ಕೆಸ್ಟ್ರಾ ಕೂರಿಸಿ, ಮುಗಿಯದ ಹಾಡುಗಳನ್ನು ಬದಿಗಿಡುವ ಸವಲತ್ತು ಹೆಸರಿಲ್ಲದ ಬ್ಯಾಂಡಿಗೆ ಎಲ್ಲಿಂದ ಬರಬೇಕು? 'ಓಕೆ ಕಂಪ್ಯೂಟರ್' ವಿಷಯದಲ್ಲಿ ಲೆಕ್ಕ ತಪ್ಪಿದ್ದ ಕಂಪನಿಯವರು ಈ ಸಲ ಅಡ್ಡ ಬರಲಿಲ್ಲ. ಎಲ್ಲರಿಗೂ ಈ ಭಾಗ್ಯವಿರುವುದಿಲ್ಲ. ಶಿಕಾಗೋದ ವಿಲ್ಕೋ ಬ್ಯಾಂಡ್ 2001ರಲ್ಲಿ 'ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್' ಮುಗಿಸಿಕೊಟ್ಟಾಗ ರಿಪ್ರೈಸ್ ಕಂಪನಿ ಅದನ್ನು ಬೇಡವೆಂದಿತು. ಬ್ಯಾಂಡಿನವರು ಅದನ್ನು ಇಂಟರ್ನೆಟ್ಟಿನಲ್ಲಿ ಕೇಳುಗರಿಗೆ ಬಿಟ್ಟಿಯಾಗಿ ಕೇಳಿಸಿದರು. ಕೊನೆಗೆ 2002ರ ಏಪ್ರಿಲ್‌ನಲ್ಲಿ ಅದನ್ನು ತಂದದ್ದು ನಾನ್‌ಸಚ್, ರಿಪ್ರೈಸ್‌ನ ಒಡೆತನ ಹೊಂದಿದ್ದ ಅದೇ ವಾರ್ನರ್ ಬಳಗದ ಕಂಪನಿ. ನ್ಯೂಯಾರ್ಕಿನ ಎಂಜಿಎಂಟಿ 2010ರ 'ಕಾಂಗ್ರಾಚ್ಯುಲೇಷನ್ಸ್'ನಲ್ಲಿ ಹನ್ನೆರಡು ನಿಮಿಷದ ಹಾಡನ್ನಿಟ್ಟಾಗ ಮೊದಲ ಆಲ್ಬಮ್ಮಿನ ಕುಣಿತವನ್ನು ಕಾದಿದ್ದ ಎಷ್ಟೋ ಮಂದಿ ಮುಖ ತಿರುಗಿಸಿದರು. ಕೀರ್ತಿ ಬಾಗಿಲನ್ನೇನೋ ತೆರೆಯುತ್ತದೆ. ಒಳಗೆ ಹೋದವರ ಹಿಂದೆ ಕೇಳುಗರು ಬಂದೇ ಬರುತ್ತಾರೆ ಎಂಬ ಭರವಸೆ ಮಾತ್ರ ಇಲ್ಲ.

'ಕಿಡ್ ಎ'ಗೂ ಎಲ್ಲರೂ ಕೈಮುಗಿಯಲಿಲ್ಲ. ಕಾದಂಬರಿಕಾರ ನಿಕ್ ಹಾರ್ನ್‌ಬಿ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಬರೆದ ವಿಮರ್ಶೆ ಇಂದಿಗೂ ಓದಲು ಯೋಗ್ಯ. ಇಂಥ ಆಲ್ಬಂ ಬೇಡುವ ತಾಳ್ಮೆ ಹದಿಹರೆಯದವರಿಗಿರಬಹುದು, ದುಡಿದು ದಣಿದು ಮನೆಗೆ ಬರುವ ದೊಡ್ಡವರಿಗೆ ಅದೆಲ್ಲಿಂದ ಬರಬೇಕು ಎಂಬುದು ಅವರ ವಾದದ ತಿರುಳು. ಪ್ರಾಮಾಣಿಕವಾದ ಮಾತು. ನನಗೆ ಪತ್ರ ಬರೆಯುವವರಲ್ಲಿ ಹಲವರ ಮನಸ್ಸಿನಲ್ಲಿರುವುದೂ ಇದೇ. ಆದರೆ ನಾನು ಇದನ್ನು ಒಪ್ಪಲಾರೆ. ಹಗಲೆಲ್ಲ ಗದ್ದೆಯಲ್ಲಿ, ಅಂಗಡಿಯಲ್ಲಿ ದುಡಿದು ರಾತ್ರಿಯಿಡೀ ಯಕ್ಷಗಾನಕ್ಕೆ ಕೂರುವ ಜನರನ್ನು ಕಂಡವನು ನಾನು. ತಾಳ್ಮೆ ವಯಸ್ಸಿನ ಜೊತೆ ಒಣಗಿಹೋಗುವುದಿಲ್ಲ, ನಂಬಿಕೆ ಇದ್ದ ಕಡೆ ಅದು ಹುಟ್ಟುತ್ತದೆ. ಹಾಗಂತ ಕೇಳುಗನಿಗೆ ಇಷ್ಟವಾಗದ್ದೆಲ್ಲ ಅವನ ಕಿವಿಯ ದೋಷ ಎಂಬ ಜಂಬವೂ ನನಗೆ ಸೇರುವುದಿಲ್ಲ. ಹೆಸರು ಬಂದ ಮೇಲೆ ಮಾಡಿದ ಪ್ರಯೋಗಗಳಲ್ಲಿ ಟೊಳ್ಳಾದವೂ ಬೇಕಾದಷ್ಟಿವೆ. ಅವನ್ನು ಗುರುತಿಸಲು ನಾನು ನೋಡುವುದು ಒಂದನ್ನೇ: ಸದ್ದುಗಳನ್ನೆಲ್ಲ ಕಳಚಿಟ್ಟರೆ ಒಳಗೆ ಹಾಡು ಉಳಿಯುತ್ತದೆಯೇ?

'ಕಿಡ್ ಎ'ಯಲ್ಲಿ ಅದು ಉಳಿಯುತ್ತದೆ. ಕೊನೆಯ ಹಾಡು 'ಮೋಷನ್ ಪಿಕ್ಚರ್ ಸೌಂಡ್‌ಟ್ರ್ಯಾಕ್' ಹೊಸದೇ ಅಲ್ಲ. ಮೊದಲ ಆಲ್ಬಂ ಬರುವುದಕ್ಕೂ ಹಿಂದೆ, ಗಿಟಾರ್ ಹಿಡಿದ ಹುಡುಗನೊಬ್ಬ ಕಟ್ಟಿದ ಸರಳ ಹಾಡು. ಅದನ್ನು ಯಾರ್ಕ್ ಇಲ್ಲಿ ಹಾಡಿರುವುದು ಕಾಲಿನಲ್ಲಿ ಗಾಳಿ ತುಂಬುವ ಹಾರ್ಮೋನಿಯಮ್ಮಿನ ಜೊತೆ, ನಮ್ಮ ಕಂಪನಿ ನಾಟಕಗಳಲ್ಲಿ ರಂಗದ ಮುಂದೆ ಇರುತ್ತಿದ್ದ ಕಾಲು ಹಾರ್ಮೋನಿಯಮ್ಮಿನ ಬಂಧುವೇ ಅದು. ಸುತ್ತ ಹಾರ್ಪ್‌ನ ಮಿನುಗು. ಅದರೊಳಗಿನ ರಾಗವನ್ನು ಯಾವ ಅಜ್ಜಿಯಾದರೂ ಗುನುಗಬಹುದು. 'ದ ನ್ಯಾಷನಲ್ ಆಂಥೆಮ್' ಹಾಡಿನ ಬೇಸ್ ಗಿಟಾರಿನ ಎಳೆ ಯಾರ್ಕ್ 16ರ ವಯಸ್ಸಿನಲ್ಲಿ ಕಟ್ಟಿದ್ದು. ಎಂಟು ಮಂದಿ ಸ್ಯಾಕ್ಸೋಫೋನ್-ಕಹಳೆಯವರನ್ನು ಅದರ ಮೇಲೆ ನುಗ್ಗಿಸಿದಾಗಲೂ ಆ ಎಳೆ ಒಂದಿಷ್ಟೂ ಅಲುಗುವುದಿಲ್ಲ. ಅವರಿಗೆ ಹುರುಪು ತುಂಬಲು ಎದುರು ನಿಂತು ಕುಣಿಯುತ್ತಾ ಯಾರ್ಕ್ ಕಾಲು ಮುರಿದುಕೊಂಡರು.

ಹಾಗಾದರೆ ಹೇಗೆ ಕೇಳಬೇಕು ಎಂದು ಕೇಳುವವರಿಗೆ ನನ್ನ ಸಲಹೆ ಇದು. ಮೊದಲು ವೇದಿಕೆಯ ಮೇಲಿನ ರೇಡಿಯೋಹೆಡ್ ನೋಡಿ. 'ಇಡಿಯೋಟೆಕ್' ಹಾಡಿಗೆ ಜಾನಿ ಗಿಟಾರ್ ಬಿಟ್ಟು ತಂತಿಗಳ ಜೇಡರಬಲೆಯಂಥ ಸಿಂಥಸೈಜರ್ ಮುಂದೆ ಬಗ್ಗಿ ನಿಂತಿರುತ್ತಾರೆ, ಯಾರ್ಕ್ ಮೈಮರೆತು ಕುಣಿಯುತ್ತಿರುತ್ತಾರೆ. ಯಂತ್ರಕ್ಕೆಂದು ಕಟ್ಟಿದ ತಾಳವನ್ನು ಸೆಲ್ವೇ ಎರಡು ಕೈಯಲ್ಲಿ ನುಡಿಸುತ್ತಿರುತ್ತಾರೆ. ಸ್ಟುಡಿಯೋದಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಡ್ರಮ್ಮರ್‌ಗೆ ಇಲ್ಲಿ ಬಿಡುವೇ ಇಲ್ಲ. ಇದನ್ನು ಕಂಡ ಮೇಲೆ ಆಲ್ಬಮ್ಮಿಗೆ ಬನ್ನಿ. ಹತ್ತು ಹಾಡು, ಸುಮಾರು ಐವತ್ತು ನಿಮಿಷ, ಇಟ್ಟ ಕ್ರಮದಲ್ಲೇ ಕೇಳಿ. ಆ ಕ್ರಮಕ್ಕಾಗಿ ಐವರೂ ಬಹಳ ಜಗಳವಾಡಿದ್ದಾರೆ. ಅದರ ನಂತರ 2001ರ 'ಆಮ್ನೀಸಿಯಾಕ್' ಕೇಳಿ, ಅದೇ ದಿನಗಳಲ್ಲಿ ಮುದ್ರಿಸಿ ಉಳಿಸಿಕೊಂಡಿದ್ದ ಹಾಡುಗಳು ಅದರಲ್ಲಿವೆ. 2021ರಲ್ಲಿ ಎರಡನ್ನೂ ಒಟ್ಟು ಸೇರಿಸಿ 'ಕಿಡ್ ಎ ಮ್ನೀಸಿಯಾ' ಎಂದು ತಂದರು. ಜಾನಿ ಅವರ ಕಿವಿ ಮುಂದೆ ಎಲ್ಲಿಗೆ ಹೋಯಿತು ಎಂಬ ಕುತೂಹಲವಿದ್ದರೆ 2015ರ 'ಜುನೂನ್' ಇದೆ. ಜೋಧಪುರದ ಮೆಹ್ರಾನ್‌ಗಢ ಕೋಟೆಯಲ್ಲಿ ಸಂಯೋಜಕ ಶೈ ಬೆನ್ ತ್ಸೂರ್ ಮತ್ತು ರಾಜಸ್ಥಾನದ ವಾದಕರ ಜೊತೆ ಕೂತು ಮಾಡಿದ್ದು. ಅಲ್ಲಿ ಅವರು ಮುಂದೆ ಬರದೆ ಮೇಳದ ನಡುವೆ ಒಬ್ಬರಾಗಿ ನುಡಿಸಿದ್ದಾರೆ.

ಇಷ್ಟಾದ ಮೇಲೂ ನಿಮಗೆ 'ದ ಬೆಂಡ್ಸ್' ಆಲ್ಬಮ್ಮೇ ಹೆಚ್ಚು ಇಷ್ಟವಾದರೆ ಸಂತೋಷವಾಗಿ ಅದನ್ನೇ ಹಾಕಿಕೊಳ್ಳಿ. ಅದರಲ್ಲಿ ನುಡಿಸಿದ ಐವರಲ್ಲಿ ಒಬ್ಬರೂ ತಂಡ ಬಿಟ್ಟಿಲ್ಲ. ಏಳು ವರ್ಷದ ಬಿಡುವಿನ ನಂತರ, 2025ರ ನವೆಂಬರ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ಮತ್ತೆ ವೇದಿಕೆ ಹತ್ತಿದಾಗಲೂ ಅವರೇ ಇದ್ದರು.